ವಿರುಪಾಕ್ಷಪ್ಪನ ನೀಲಿ ನೀರು

ಕಾರಿನ ಮುಂದಿನ ಗಾಜನ್ನು ಬರೀ ನೀರಿನಿಂದ ತೊಳೆಯುವವರು, ದ್ರಾವಣದಿಂದ ತೊಳೆಯುವವರು ಎಂದು ಮನುಷ್ಯರಲ್ಲಿ ಎರಡು ಪಂಗಡಗಳಿವೆ ಎಂಬುದು ವಿರುಪಾಕ್ಷಪ್ಪನಿಗೆ ಐವತ್ತನಾಲ್ಕನೆಯ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎರಡನೆಯ ಪಂಗಡಕ್ಕೆ ಸೇರಲು ಅವನು ಒಂದು ದಿನವೂ ತಡಮಾಡಲಿಲ್ಲ.

ಗೊತ್ತುಮಾಡಿಸಿದವನು ನಿಪ್ಪಾಣಿಯ ಅಳಿಯ ಅಮಿತ. ಮಗಳು ಪ್ರಾಜಕ್ತಾಳನ್ನು ಕರೆದುಕೊಂಡು ಭಾನುವಾರ ಬಂದವನು ಊಟಕ್ಕೆ ಮೊದಲು ಮಾವನ ಹಳೆಯ ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಬೆರಳಿನಿಂದ ತಟ್ಟಿದ.

“ಮಾವಾರ, ಕಾಚ್ ತೊಳಿಯೂ ಡಬ್ಯಾಗ ಏನ್ ಹಾಕ್ತೀರಿ?”

“ನೀರ ಹಾಕ್ತೀನಿ. ಮತ್ತೇನ ಮಜ್ಜಿಗಿ ಹಾಕ್ಲೇನು?”

“ಬೋರಿನ ನೀರ? ಉಪ್ಪ ಕಟ್ಟಿ ತೂತ ಮುಚ್ಚತಾವ್ರಿ. ನಿಪ್ಪಾಣ್ಯಾಗ ಈಗ ಯಾರೂ ನೀರ ಹಾಕೂದಿಲ್ರಿ.”

ಉಪ್ಪು ಕಟ್ಟುವ ಮಾತು ವಿರುಪಾಕ್ಷಪ್ಪನ ಮನಸ್ಸಿನಲ್ಲಿ ನಿಲ್ಲಲಿಲ್ಲ. ನಿಪ್ಪಾಣಿಯಲ್ಲಿ ಯಾರೂ ಹಾಕುವುದಿಲ್ಲ ಎಂಬುದು ಮಾತ್ರ ನಿಂತಿತು. ಅಳಿಯ ತನ್ನ ಡಿಕ್ಕಿಯಿಂದ ಆರು ಬಾಟಲಿ ನೀಲಿ ದ್ರಾವಣ ತೆಗೆದು ಕೊಟ್ಟಾಗ, ಅವನು ಅದನ್ನು ಅಡಿಗೆಮನೆಗೂ ಒಯ್ಯದೆ, ಜಗಲಿಯ ಮೇಲೂ ಇಡದೆ, ದ್ರಾಕ್ಷಿಗೆ ಹೊಡೆಯುವ ಔಷಧಗಳ ಕೋಣೆಯಲ್ಲಿಟ್ಟು ಕೀಲಿ ಹಾಕಿದ. ಬೆಲೆಯುಳ್ಳ ದ್ರವ ಯಾವುದೇ ಇರಲಿ, ಆ ವಸತಿಯಲ್ಲಿ, ಅಂದರೆ ಹೊಲದ ಮನೆಯಲ್ಲಿ, ಅದರ ಜಾಗ ಅದೇ.

ವಸತಿ ಇದ್ದದ್ದು ಕಾಗವಾಡದಿಂದ ಅಥಣಿಗೆ ಹೋಗುವ ರಸ್ತೆಯಿಂದ ಒಳಕ್ಕೆ. ಮನೆಯಿಂದ ದ್ರಾಕ್ಷಿ ತೋಟದ ಗೇಟಿಗೆ ನಾನೂರು ಹೆಜ್ಜೆ. ಈ ನಾನೂರು ಹೆಜ್ಜೆಯನ್ನು ವಿರುಪಾಕ್ಷಪ್ಪ ಕಾರು ಕೊಂಡಾಗಿನಿಂದ ಕಾರಿನಲ್ಲೇ ಕ್ರಮಿಸುತ್ತಿದ್ದ. ಸಂಜೆ ಐದಕ್ಕೆ ಹೊರಟು ಗೇಟಿನಲ್ಲಿ ಕಾರು ನಿಲ್ಲಿಸಿ, ಅರ್ಧ ತಾಸು ಬಳ್ಳಿಗಳ ನಡುವೆ ಅಡ್ಡಾಡಿ ಬರುವುದು ಅವನ ಪದ್ಧತಿ. ಈ ವರ್ಷ ಅಡ್ಡಾಡಲು ಕಾರಣವೂ ಇತ್ತು: ಮಾಲು ಹಿಂದೆಂದೂ ಬರದಷ್ಟು ಚೆನ್ನಾಗಿ ಬಂದಿತ್ತು. ಸಾಂಗ್ಲಿಯ ವ್ಯಾಪಾರಿ ಅಣ್ಣಾಸಾಬ ಇಡೀ ಎರಡೆಕರೆಗೆ ಮಾತು ಕೊಟ್ಟಿದ್ದ. ಶುಕ್ರವಾರ ಕಟಾವು. ಶರತ್ತು ಒಂದೇ: ಕೊನೆಯ ಮೂವತ್ತು ದಿನ ಬಳ್ಳಿಗೆ ಒಂದು ಹನಿ ಔಷಧ ಬಿದ್ದಿರಬಾರದು. ಬಿದ್ದದ್ದು ತಿಳಿದರೆ ಸೌದಾ ಬಂದ್. ಅಣ್ಣಾಸಾಬ ಬಿಟ್ಟ ತೋಟವನ್ನು ಬೇರೆ ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ.

ಸೋಮವಾರ ಸಂಜೆ ಅವನು ಮೊದಲ ಬಾಟಲಿಯ ಮುಚ್ಚಳ ತೆಗೆದು ಡಬ್ಬಿಗೆ ಸುರಿಯುತ್ತಿದ್ದಾಗ ಬೇಲಿಯ ಆಚೆಯಿಂದ ಧನಪಾಲನ ತಲೆ ಕಾಣಿಸಿತು. ಧನಪಾಲನ ತೋಟ ಪಕ್ಕದ್ದೇ. ಮೂವತ್ತು ವರ್ಷದ ನೆರೆ. ಒಬ್ಬರ ಒಲೆಯ ಮೇಲಿನ ಹುಳಿಬಾನದ ವಾಸನೆ ಇನ್ನೊಬ್ಬರಿಗೆ ಗೊತ್ತು. ಒಬ್ಬರು ಬಳ್ಳಿಗೆ ಏನು ಹೊಡೆದರೆಂಬುದು ಮಾತ್ರ ಇನ್ನೊಬ್ಬರಿಗೆ ಇಂದಿಗೂ ಗೊತ್ತಿಲ್ಲ.

“ಏನ್ ಸುರಿಯಾಕತ್ತೀಪಾ ವಿರುಪಾಕ್ಷಪ್ಪಾ? ನೀಲಿ ಐತೆಲ್ಲಾ?”

ಗಾಜು ತೊಳೆಯುವುದು ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರೆ ದ್ರಾವಣದ ಪಂಗಡಕ್ಕೂ ನೀರಿನ ಪಂಗಡಕ್ಕೂ ವ್ಯತ್ಯಾಸವೇನು?

“ಅದೊಂದು ಸ್ಪೆಶಲ್ ಐತಿ,” ಎಂದ ವಿರುಪಾಕ್ಷಪ್ಪ.

ಅಷ್ಟಕ್ಕೇ ನಿಲ್ಲಲಿಲ್ಲ. ಖಾಲಿ ಬಾಟಲಿಯ ಮೇಲಿನ ಲೇಬಲನ್ನು ಉಗುರಿನಿಂದ ಕೆರೆದು ಸುಲಿದು, ಮುದ್ದೆ ಮಾಡಿ, ಬ್ಯಾಟರಿಯ ಸಂದಿಯಲ್ಲಿ ತುರುಕಿ, ಬತ್ತಲೆ ಬಾಟಲಿಯನ್ನು ಬದುವಿಗೆ ಎಸೆದ. ಇದರಲ್ಲಿ ದುರುದ್ದೇಶವಿರಲಿಲ್ಲ, ಕೈಯ ರೂಢಿ ಅದು. ಆ ಸೀಮೆಯ ದ್ರಾಕ್ಷಿ ಬೆಳೆಗಾರ ಯಾವ ಔಷಧದ ಬಾಟಲಿಯನ್ನೂ ಲೇಬಲ್ ಸಮೇತ ಹೊರಗೆ ಎಸೆಯುವುದಿಲ್ಲ. ಎಸೆದರೆ ನೆರೆಯವನು ಓದುತ್ತಾನೆ, ಓದಿದರೆ ಹೊಡೆಯುತ್ತಾನೆ, ಹೊಡೆದರೆ ಅವನ ಗೊನೆಯೂ ದಪ್ಪವಾಗುತ್ತದೆ. ನೆರೆಯವನ ಗೊನೆ ದಪ್ಪವಾದರೆ ನಮ್ಮದು ತಾನಾಗಿ ಸಣ್ಣದಾಗಿ ಕಾಣುತ್ತದೆ. ಇದಕ್ಕೆ ಸಸ್ಯಶಾಸ್ತ್ರದಲ್ಲಿ ಆಧಾರವಿಲ್ಲ, ಆದರೆ ಅನುಭವದಲ್ಲಿ ಬೇಕಾದಷ್ಟಿದೆ.

ಮಂಗಳವಾರ ಸಂಜೆ ಬಾನೆಟ್ ಎತ್ತಿ ನೋಡಿದರೆ ಡಬ್ಬಿ ಖಾಲಿ.

ಒಂದು ಡಬ್ಬಿ ಖಾಲಿಯಾಗಲು ಎರಡು ಕಾರಣಗಳಿರಬಹುದು: ಯಾರೋ ತೆಗೆದಿರಬೇಕು, ಇಲ್ಲವೇ ತಾನಾಗಿ ಸೋರಿರಬೇಕು. ಮನೆಯ ಮುಂದೆ ಕಾರು ನಿಲ್ಲುವಲ್ಲಿನ ಕರಿಮಣ್ಣು ಬಿದ್ದದ್ದನ್ನೆಲ್ಲ ಕುಡಿದುಬಿಡುವ ಜಾತಿಯದಾದ್ದರಿಂದ ಎರಡನೆಯದಕ್ಕೆ ಸಾಕ್ಷಿ ಉಳಿದಿರಲಿಲ್ಲ. ಮೊದಲನೆಯದಕ್ಕೂ ಇರಲಿಲ್ಲ, ಆದರೆ ಅಲ್ಲಿ ಧನಪಾಲನಿದ್ದ.

“ಅಂವಾ ಕದ್ದಾನ,” ಎಂದು ಹೆಂಡತಿಗೆ ಹೇಳಿದ.

ಸಕ್ಕುಬಾಯಿ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. “ಪೈಪ ತೂತ ಬಿದ್ದಿರಬೇಕ ನೋಡ್ರಿ.”

“ಪೈಪಿಗೇನ್ ಗೊತ್ತ ಇದು ನಿಪ್ಪಾಣಿ ಮಾಲ ಅಂತ? ಇಷ್ಟ ದಿನ ನೀರ ಇತ್ತು, ತೂತ ಬೀಳಲಿಲ್ಲ. ಸ್ಪೆಶಲ್ ಹಾಕಿದ್ದ ದಿನಾನ ತೂತ ಬಿತ್ತೇನು?”

“ನೀರ ಇದ್ದಾಗ ನೀವ ಬಾನೆಟ್ ಯಾವಾಗ ತಗದ ನೋಡಿದ್ರಿ?”

ಅವನು ಕಾಗವಾಡದ ಗ್ಯಾರೇಜಿನ ವಿಶಾಲನಿಗೆ ಫೋನ್ ಹಚ್ಚಿದ. ವಿಶಾಲ ಅರ್ಧ ಮಾತು ಕೇಳುವುದರೊಳಗೇ, “ಪೈಪ ಹೋಗೇತ್ರಿ ಕಾಕಾ. ಬರೇ ಇಲಿ ಕಡದಿರತೈತಿ. ತಗೊಂಡ ಬರ್ರಿ, ಹತ್ತ ಮಿನಿಟಿನ ಕೆಲಸ,” ಎಂದ.

ವಿರುಪಾಕ್ಷಪ್ಪ ಫೋನ್ ಇಟ್ಟು ಬಹಳ ಹೊತ್ತು ಯೋಚಿಸಿದ. ಗಾಡಿ ನೋಡದೆಯೇ ರೋಗ ಹೇಳುವ ಮೆಕ್ಯಾನಿಕ್. ಹೆಂಡತಿಯೂ ಅದನ್ನೇ ಹೇಳುತ್ತಾಳೆ. ಇಬ್ಬರೂ ಒಂದೇ ಮಾತು ಹೇಳುತ್ತಾರೆಂದರೆ ಒಂದೋ ಅದು ನಿಜವಿರಬೇಕು, ಇಲ್ಲವೇ ಇಬ್ಬರಿಗೂ ಯಾರೋ ಹೇಳಿಕೊಟ್ಟಿರಬೇಕು. ವಿಶಾಲನ ಗ್ಯಾರೇಜಿನಲ್ಲೇ ಧನಪಾಲನ ಟ್ರ್ಯಾಕ್ಟರ್ ರಿಪೇರಿಯಾಗುವುದೆಂದು ಅವನಿಗೆ ನೆನಪಾಯಿತು. ಅಲ್ಲಿಗೆ ಆ ದಾರಿ ಮುಚ್ಚಿತು.

ಎರಡನೆಯ ಬಾಟಲಿ ಸುರಿದು, ಬಾನೆಟ್ ಮುಚ್ಚಿ, ದ್ರಾಕ್ಷಿ ಕಡ್ಡಿ ಕಟ್ಟುವ ಸುತಳಿಯಿಂದ ಬಾನೆಟ್ಟನ್ನು ಮುಂದಿನ ಜಾಲರಿಗೆ ಬಿಗಿದು ಗಂಟು ಹಾಕಿದ. ಗಂಟು ಬಿಚ್ಚಿದ್ದರೆ ಕಳ್ಳ ಬಂದಿದ್ದಾನೆಂದು ಅರ್ಥ.

ಬುಧವಾರ ಸಂಜೆ ಗಂಟು ಹಾಕಿದ ಹಾಗೆಯೇ ಇತ್ತು. ಡಬ್ಬಿ ಖಾಲಿಯಾಗಿತ್ತು.

“ಈಗರೆ ತಿಳೀತಿಲ್ಲೊ?” ಎಂದಳು ಸಕ್ಕುಬಾಯಿ.

“ತಿಳೀತು,” ಎಂದ ವಿರುಪಾಕ್ಷಪ್ಪ ಗಂಭೀರವಾಗಿ. “ಬಿಚ್ಚಿ, ಮತ್ತ ಇದ್ದಂಗ ಕಟ್ಟ್ಯಾನ. ಇಂಥಾ ಗಂಟ ಹಾಕಾಕ ಇಪ್ಪತ್ತ ವರ್ಷ ದ್ರಾಕ್ಷಿ ಕಡ್ಡಿ ಕಟ್ಟಿರಬೇಕ. ಈ ಹೊಲದ ಸುತ್ತ ಅಂಥಾವ್ರ ಎಷ್ಟ ಮಂದಿ ಅದಾರ? ನಾನೊಬ್ಬ, ಧನಪಾಲ ಒಬ್ಬ. ನಾ ಕದ್ದಿಲ್ಲ.”

ಪ್ರಯೋಗವೊಂದು ಹೇಗೆ ಮುಗಿದರೂ ಒಂದೇ ತೀರ್ಮಾನಕ್ಕೆ ಬರುವುದಾದರೆ ಪ್ರಯೋಗ ಮಾಡುವ ಶ್ರಮ ಯಾಕೆ ಎಂದು ಕೇಳಬಹುದು. ಮನಸ್ಸಿಗೆ ಸಮಾಧಾನ ಬೇಕಲ್ಲ. ವಿರುಪಾಕ್ಷಪ್ಪ ಮೂರನೆಯ ಬಾಟಲಿ ಸುರಿದು ಮತ್ತೆ ಗಂಟು ಬಿಗಿದ.

ಇತ್ತ ಧನಪಾಲನೂ ಸುಮ್ಮನಿರಲಿಲ್ಲ. ಅವನ ಮುಂದಿದ್ದ ಸಾಕ್ಷ್ಯಗಳು ಇವು. ಔಷಧದ ಕೋಣೆಯಿಂದ ಹೊರಬರುವ ನೀಲಿ ದ್ರವ. ಬದುವಿನಲ್ಲಿ ಸಿಕ್ಕ, ಲೇಬಲ್ ಸುಲಿದ ಬಾಟಲಿ. ಮನೆಯಿಂದ ತೋಟದ ಗೇಟಿನವರೆಗೆ, ದಾರಿಗೆ ಹಾಸಿದ ಬಿಳಿ ಖಡಿಗಲ್ಲಿನ ಮೇಲೆ ಹೆಜ್ಜೆಗೊಂದರಂತೆ ಬಿದ್ದ ನೀಲಿ ಹನಿ. ಬಾನೆಟ್ಟಿಗೆ ಸುತಳಿಯ ಗಂಟು. ಮತ್ತು ಈ ವರ್ಷ ವಿರುಪಾಕ್ಷಪ್ಪನ ಗೊನೆಗಳು ದಪ್ಪ. ಇವೆಲ್ಲವನ್ನೂ ಒಂದೇ ಉತ್ತರ ವಿವರಿಸುತ್ತಿತ್ತು: ಟ್ಯಾಂಕರ್ ಕಟ್ಟಿ ಹೊಡೆದರೆ ಮಂದಿ ನೋಡುತ್ತಾರೆಂದು ವಿರುಪಾಕ್ಷಪ್ಪ ಕಾರಿನ ಹೊಟ್ಟೆಯಲ್ಲಿಟ್ಟು ಔಷಧ ಸಾಗಿಸುತ್ತಿದ್ದಾನೆ! ತಪ್ಪು ಉತ್ತರಗಳ ದೊಡ್ಡ ಅಪಾಯವೆಂದರೆ ಅವು ಹೀಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ವಿವರಿಸುವುದು.

ಅದೇ ಬುಧವಾರ ಮುಂಜಾನೆ ಕುರಿಗಾರ ಮಲಕಾರಿ ತನ್ನ ಹಿಂಡಿನೊಂದಿಗೆ ಬಂದ. ವಿರುಪಾಕ್ಷಪ್ಪನ ಬದುವಿನ ಹುಲ್ಲಿಗೆ ಪ್ರತಿವರ್ಷ ಅವನದೇ ಹಿಂಡು. ಯಾವ ತೋಟಕ್ಕೆ ಹೋದರೂ ಔಷಧ ಹೊಡೆದಾರೋ ಎಂದು ಕೇಳದೆ ಕುರಿ ಬಿಡುವವನಲ್ಲ. ಖಡಿಯ ಮೇಲಿನ ನೀಲಿ ಹನಿ ನೋಡಿ ಕೋಲು ಊರಿ ನಿಂತ.

“ಧನಪಾಲ ಮಾಲಕ್ರ, ಇದೇನ್ರಿ ನೀಲಿ ನೀಲಿ?”

ಧನಪಾಲ ಎಡಕ್ಕೂ ಬಲಕ್ಕೂ ನೋಡಿ ದನಿ ತಗ್ಗಿಸಿದ. “ನಾ ಹೇಳಿಲ್ಲ, ನೀ ಕೇಳಿಲ್ಲ. ನಿನ್ನ ಕುರಿ ನಿನಗ ಬೇಕಂದ್ರ ಆಕಡೆ ಹೊಡಿ.”

“ಏನ್ ಹೊಡದಾರ ಹೇಳ್ರಿ.”

“ಅದು ಗೊತ್ತಿದ್ರ ನಾ ಹೊಡೀತಿದ್ನೆಲ್ಲೋ!”

ಮಲಕಾರಿ ಕುರಿ ಹೊಡೆದುಕೊಂಡು ನಡೆದ. ಕುರಿ ಬಿಟ್ಟು ಹೋದ ತೋಟವೆಂದರೆ ಆ ಭಾಗದಲ್ಲಿ ಬೇರೆ ಪ್ರಯೋಗಶಾಲೆಯ ವರದಿ ಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಂಗಸೂಳಿಯ ಚಹಾದಂಗಡಿಯಲ್ಲಿ ಎರಡು ಕುರಿ ಸತ್ತಿದ್ದವು, ಸಂಜೆಯ ಹೊತ್ತಿಗೆ ಅಥಣಿಯಲ್ಲಿ ಏಳು. ಗುರುವಾರ ಬೆಳಿಗ್ಗೆ ಸಾಂಗ್ಲಿಯಲ್ಲಿ ಅಣ್ಣಾಸಾಬನ ಫೋನ್ ರಿಂಗಾಗುವಾಗ ಮಲಕಾರಿಯ ಹಿಂಡಿನಲ್ಲಿ, ಪಾಪ, ಅವನೊಬ್ಬನೇ ಬದುಕಿದ್ದ.

ಗುರುವಾರ ಸಂಜೆ ಐದೂಕಾಲಿಗೆ ವಿರುಪಾಕ್ಷಪ್ಪ ಎಂದಿನಂತೆ ನಾಲ್ಕನೆಯ ಬಾಟಲಿ ಸುರಿದು, ಕಾರನ್ನು ಗೇಟಿನಲ್ಲಿ ನಿಲ್ಲಿಸಿ ಬಳ್ಳಿಗಳ ನಡುವೆ ಇದ್ದ. ಹಾರ್ನ್ ಕೇಳಿ ಹೊರಗೆ ಬಂದರೆ ಅಣ್ಣಾಸಾಬನ ಜೀಪು. ಜೊತೆಗೆ ತೋಟಗಾರಿಕೆ ಇಲಾಖೆಯ ಸೀಮಾ ಮೇಡಂ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದ. ಹಿಂದೆ ಮಲಕಾರಿ. ಬೇಲಿಯ ಬಳಿ ಧನಪಾಲ. ಅವನ ಪಕ್ಕ ಆಚೆ ತೋಟದ ಜಿನ್ನಪ್ಪ. ಇವನು ನೋಡಲು ಬಂದವನು.

“ಬರ್ರಿ ಬರ್ರಿ ಅಣ್ಣಾಸಾಬ್ರ! ನಾಳೆ ಅಂದಿದ್ರಿ?”

“ನಾಳೆ ಕಟಾವು ಆಗ್ತೈತೋ ಇಲ್ಲೋ ನೋಡೂಣು ಅಂತ ಇವತ್ತ ಬಂದೆ. ವಿರುಪಾಕ್ಷಪ್ಪ, ಖರೆ ಹೇಳ್ರಿ. ನೀಲಿ ಔಷಧ ಯಾವ್ದು?”

“ಔಷಧ? ಅದು ಕಾಚ್ ತೊಳಿಯೂದ್ರಿ! ಕಾರಿನ ಕಾಚ್!”

“ಹಂಗಂದ್ರ ಧನಪಾಲನ ಮುಂದ ಸ್ಪೆಶಲ್ ಅಂತ ಯಾಕ ಹೇಳಿದ್ರಿ?”

ಸ್ಪೆಶಲ್ ಎಂಬುದನ್ನು ಹಿಂದೆಗೆದುಕೊಳ್ಳುವುದು ಮನುಷ್ಯನಿಗೆ ಸುಲಭವಲ್ಲ.

ಸೀಮಾ ಮೇಡಂ ಕಾಗದದ ಮೇಲೆ ಗೀಟು ಹಾಕಿದಳು. “ವಾದ ಬ್ಯಾಡ್ರಿ. ಕಾಚ್ ತೊಳಿಯೂದಂದ್ರ ಒಮ್ಮೆ ತೊಳದ ತೋರಸ್ರಿ. ಮುಗೀತು.”

ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇರಲು ಸಾಧ್ಯವಿಲ್ಲ. ವಿರುಪಾಕ್ಷಪ್ಪ ಹುಮ್ಮಸ್ಸಿನಿಂದ ಕಾರಿನೊಳಗೆ ಕೂತು, ಕಿಡಕಿಯಿಂದ ತಲೆ ಹೊರಹಾಕಿ ಎಲ್ಲರನ್ನೂ ಒಮ್ಮೆ ನೋಡಿ, ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಎಳೆದ.

ಒಳಗೆ ಮೋಟಾರು ಝುಂಯ್ ಎಂದಿತು. ವೈಪರುಗಳು ಎದ್ದು, ಒಣ ಗಾಜಿನ ಮೇಲೆ ಕಿರ್ರೆಂದು ಧೂಳನ್ನು ಎಡದಿಂದ ಬಲಕ್ಕೆ ಸರಿಸಿ, ಮತ್ತೆ ಬಲದಿಂದ ಎಡಕ್ಕೆ ತಂದಿಟ್ಟವು. ಗಾಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಮತ್ತೊಮ್ಮೆ ಎಳೆದ. ಝುಂಯ್. ಕಿರ್ರ್.

“ಕಾಚ್ ತೊಳಿಯೂ ನೀರು ಕಾಚಿಗೇ ಬರೂದಿಲ್ಲಂದ್ರ,” ಅಣ್ಣಾಸಾಬ ನಿಧಾನವಾಗಿ ಹೇಳಿದ, “ಮತ್ತ ಎಲ್ಲಿ ಹೊಕ್ಕೈತಿ?”

ಎಲ್ಲರೂ ಕಾರಿನ ಕಡೆ ಬಾಗಿದರು. ಆಗ ಅದರ ಕೆಳಗಿನಿಂದ ಒಂದು ಶಬ್ದ ಕೇಳಿಸಿತು.

ಟಣ್.

ಸ್ವಲ್ಪ ಹೊತ್ತು ಬಿಟ್ಟು, ಟಣ್. ಟಣ್.

ಹನಿ ಮಣ್ಣಿಗೆ ಬಿದ್ದರೆ ಟಣ್ ಎನ್ನುವುದಿಲ್ಲ, ಲೋಹದ ಅಂಚಿಗೆ ಬಡಿದರೆ ಎನ್ನುತ್ತದೆ. ಸೀಮಾ ಮೇಡಂ ರಟ್ಟನ್ನು ಮಲಕಾರಿಯ ಕೈಗೆ ಕೊಟ್ಟು, ಮೊಣಕಾಲೂರಿ, ಮುಂದಿನ ಗಾಲಿಯ ಹಿಂದೆ ಕೈ ಹಾಕಿ ಒಂದು ಸ್ಟೀಲ್ ಬೋಗುಣಿಯನ್ನು ಎಳೆದಳು. ತಳದಲ್ಲಿ ಮೂರು ಬೆರಳು ನೀಲಿ ನೀರು. ಅಂಚಿನ ಮೇಲೆ, ನಮ್ಮ ಕಡೆ ಮದುವೆಯ ಭಾಂಡೆಗಳ ಮೇಲೆ ಕೊರೆಸುವಂತೆ, ಚುಕ್ಕಿ ಚುಕ್ಕಿಯಾಗಿ ಹೆಸರು. ಮೇಡಂ ಗಟ್ಟಿಯಾಗಿ ಓದಿದಳು:

“ಚಿ. ಧನಪಾಲ. ಅತ್ತೆಯವರ ಪ್ರೀತಿಯ ಕಾಣಿಕೆ.”

ಎಲ್ಲರ ಮುಖವೂ ಬೇಲಿಯ ಕಡೆ ತಿರುಗಿತು.

“ಕಳ್ಳ!” ಕಾರಿನಿಂದ ಹೊರಗೆ ಹಾರಿದ ವಿರುಪಾಕ್ಷಪ್ಪ. “ಹೇಳಿದ್ದಿಲ್ಲೇನ? ಗಂಟ ಬಿಚ್ಚಿದಾಂವ ಇವನ!”

“ಏ, ಗಂಟ ಗಿಂಟ ನನಗ ಗೊತ್ತಿಲ್ಲ!” ಧನಪಾಲನ ದನಿ ಏರಿತು. “ನಾ ಕದ್ದಿಲ್ಲ. ಬೀಳೂದನ್ನ ಹಿಡದೀನಿ. ಸರಕಾರಿ ದಾರ್‍ಯಾಗ ಬಿದ್ದ ನೀರ ಹಿಡದ್ರ ಕಳವೇನ? ಮೇಡಂ, ನೀವ ಟೆಸ್ಟಿಗಿ ಕಳಸ್ರಿ ಅದನ್ನ. ಔಷಧ ಅಲ್ಲಂದ್ರ ಬಾಟ್ಲಿ ಮ್ಯಾಲಿನ ಚೀಟಿ ಯಾಕ ಹರದಾನ? ಕೇಳ್ರಿ ಅಂವ್ನ!” ಎಂದು ಬೆನ್ನ ಹಿಂದಿನಿಂದ ಬತ್ತಲೆ ಬಾಟಲಿಯನ್ನು ತೆಗೆದು ಎತ್ತಿ ಹಿಡಿದ.

ಅಣ್ಣಾಸಾಬ ಜೀಪಿನ ಬಾಗಿಲಿಗೆ ಕೈ ಹಾಕಿದ. “ಟೆಸ್ಟ್ ಆಗಿ ಬರೂದಕ್ಕ ಹತ್ತ ದಿನ. ಅಷ್ಟ ದಿನ ಮಾಲು ನಿಲ್ಲೂದಿಲ್ಲ. ನಾ ಬರ್ತೀನ್ರಿ.”

ಎರಡೆಕರೆ ದ್ರಾಕ್ಷಿ, ವರ್ಷದ ದುಡಿಮೆ, ಜೀಪಿನ ಬಾಗಿಲಿನ ಜೊತೆಗೆ ಮುಚ್ಚಿಕೊಳ್ಳುವುದನ್ನು ವಿರುಪಾಕ್ಷಪ್ಪ ಕಣ್ಣಾರೆ ಕಂಡ. ಆಗ ಮಾತಾಡಿದವಳು ಸಕ್ಕುಬಾಯಿ. ಗದ್ದಲ ಕೇಳಿ ನಾನೂರು ಹೆಜ್ಜೆ ನಡೆದೇ ಬಂದಿದ್ದಳು.

“ಚೀಟಿ ಎಲ್ಲಿ ತುರುಕಿರಿ, ಅದನ್ನರೆ ಹೇಳ್ರಿ.”

“ಬ್ಯಾಟರಿ ಬಾಜೂಕ,” ಎಂದ ಅವನು ಸಣ್ಣ ದನಿಯಲ್ಲಿ.

ಸುತಳಿ ಬಿಚ್ಚಿ ಬಾನೆಟ್ ಎತ್ತಿದರು. ಗಂಟು ಬಿಚ್ಚಲು ಅದನ್ನು ಹಾಕಿದವನಿಗೇ ಮೂರು ನಿಮಿಷ ಬೇಕಾಯಿತು. ಬ್ಯಾಟರಿಯ ಬದಿಯಲ್ಲಿ ಲೇಬಲ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ಮನೆಯಿತ್ತು. ಹುಲ್ಲು, ಸುತಳಿಯ ಎಳೆ, ವಿರುಪಾಕ್ಷಪ್ಪ ಬಂದವರಿಗೆ ಕೊಡಲೆಂದು ಕಾರಿನಲ್ಲಿ ಇಡುತ್ತಿದ್ದ ಒಣದ್ರಾಕ್ಷಿಯ ತೊಟ್ಟು, ಇವುಗಳ ಮೇಲೆ ಬೆಚ್ಚಗೆ ಹಾಸಿದ ಬಣ್ಣದ ಕಾಗದದ ಚೂರುಗಳು. ಮನೆಯ ಒಡೆಯ ಜನ ನೋಡಿ ಟಣಕ್ಕನೆ ಹಾರಿ ಬಳ್ಳಿಗಳ ಕಡೆ ಓಡಿದ. ಮನೆಯ ಕೆಳಗೆ, ಡಬ್ಬಿಯ ಬುಡದಿಂದ ಗಾಜಿನ ಕಡೆ ಹೋಗುವ ಕಿರುಬೆರಳಿಗಿಂತ ಸಣ್ಣ ಕಪ್ಪು ಪೈಪು. ಅದರಲ್ಲಿ ಹಲ್ಲಿನ ಗುರುತು, ಗುರುತಿನ ತುದಿಯಲ್ಲಿ ಬೀಳಲು ಸಿದ್ಧವಾಗಿದ್ದ ಒಂದು ನೀಲಿ ಹನಿ.

ಸೀಮಾ ಮೇಡಂ ಚೂರುಗಳನ್ನು ಬೆರಳಿನಿಂದ ಎತ್ತಿ ಜೀಪಿನ ಬಾನೆಟ್ ಮೇಲೆ ಒಂದೊಂದಾಗಿ ಜೋಡಿಸಿದಳು. ಅಣ್ಣಾಸಾಬ ಕನ್ನಡಕ ಹಾಕಿಕೊಂಡು ಬಾಗಿದ. ಜಿನ್ನಪ್ಪ ಬೇಲಿ ದಾಟಿ ಬಂದ. ಮೊದಲು ಒಂದು ವೈಪರು, ಆಮೇಲೆ ಅರ್ಧ ಕಾರು, ಆಮೇಲೆ ಥಳಥಳಿಸುವ ಗಾಜು, ಅದರ ಮೇಲೆ ನಕ್ಷತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಿನ ಗಾಜಿಗೆ ಮಾತ್ರ ಎಂಬ ಸೂಚನೆಯನ್ನು ಇಲಿ ತಿನ್ನದೆ ಬಿಟ್ಟಿತ್ತು.

ಮಲಕಾರಿ ಬೋಗುಣಿಯನ್ನು ಮೂಗಿಗೆ ಹಿಡಿದ. “ಸಾಬಾಣದ ವಾಸನಿ ಐತ್ರಿ.”

“ಇಷ್ಟರ ಸಲುವಾಗಿ ಚೀಟಿ ಯಾಕ ಹರದ್ರಿ ಮಾರಾಯರ?” ಅಣ್ಣಾಸಾಬ ಕೇಳಿದ.

“ರೂಢೀರಿ.”

ಅಲ್ಲಿ ನಿಂತಿದ್ದ ಬೆಳೆಗಾರರು ಯಾರೂ ನಗಲಿಲ್ಲ. ಜಿನ್ನಪ್ಪ ಆಕಾಶ ನೋಡಿದ. ಅಣ್ಣಾಸಾಬ ಎಲ್ಲರ ಮುಖ ನೋಡಿ, ಜೀಪಿನ ಬಾಗಿಲಿನಿಂದ ಕೈ ತೆಗೆದು, “ನಾಳೆ ಆರಕ್ಕ ಮಂದಿ ಬರ್ತಾರ,” ಎಂದ. ವಿರುಪಾಕ್ಷಪ್ಪ ಕಾರಿನ ಬಂಪರಿನ ಮೇಲೆ ಕೂತುಬಿಟ್ಟ.

ಆದರೆ ಸೀಮಾ ಮೇಡಂ ಬೋಗುಣಿಯನ್ನೇ ನೋಡುತ್ತಿದ್ದಳು. “ಧನಪಾಲ್ರ, ಇದು ಇವತ್ತಿಂದು. ನಿನ್ನೆ ಹಿಡದದ್ದು ಎಲ್ಲೈತಿ?”

ಧನಪಾಲ ನೋಡಬಾರದೆಂದು ಯತ್ನಿಸುತ್ತಿದ್ದ ದಿಕ್ಕಿಗೇ ಎಲ್ಲರೂ ನೋಡಿದರು. ಬೇಲಿಯ ಪಕ್ಕದ ನಾಲ್ಕು ಬಳ್ಳಿಗಳ ಗೊನೆಗಳು ಇಳಿಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ತಾಜಾ ದ್ರಾಕ್ಷಿಯ ಮೇಲೆ ಬೂದಿ ಸವರಿದಂತೆ ಒಂದು ತೆಳುವಾದ ಬಿಳಿ ಮೇಣ ಇರುತ್ತದೆ. ವ್ಯಾಪಾರಿ ಮೊದಲು ನೋಡುವುದೇ ಅದನ್ನು. ಅದು ಪೂರಾ ತೊಳೆದುಹೋಗಿತ್ತು.

“ಭಾರಿ ಸ್ವಚ್ಛ ತೊಳದೈತ್ರಿ,” ಎಂದ ಮಲಕಾರಿ. ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ.

“ನಾಕ ಬಳ್ಳಿ ಮಾಲು ತಿಪ್ಪಿಗೆ,” ಎಂದು ಮೇಡಂ ಕಾಗದದಲ್ಲಿ ಬರೆದಳು. “ಒಂದ ಕಾಯಿ ಸೈತ ಯಾರೂ ತಿನ್ನಬಾರದು.”

ಈಗ ಜಿನ್ನಪ್ಪ ಧನಪಾಲನ ಹತ್ತಿರ ಸರಿದ. ಮೇಣ, ಮೇಡಂ, ತಿಪ್ಪೆ ಯಾವುದೂ ಅವನ ಕಿವಿಗೆ ಬಿದ್ದಂತಿರಲಿಲ್ಲ. ಹೊಳಪು ಮಾತ್ರ ಕಣ್ಣಿಗೆ ಬಿದ್ದಿತ್ತು. “ಖರೆ ಹೇಳೋ,” ಪಿಸುಗುಟ್ಟಿದ, “ಬರೇ ಸಾಬಾಣಕ್ಕ ಇಷ್ಟ ಕಳಾ ಬರತೈತೇನ? ಏನ್ ಕೂಡ್ಸಿ ಹೊಡದಿ?”

ಹತ್ತು ಜನರ ಮುಂದೆ ಮಾವನ ಮನೆಯ ಬೋಗುಣಿ ಓದಿಸಿಕೊಂಡವನಿಗೆ ಉಳಿದಿದ್ದ ಮಾನ ಒಂದೇ ವಾಕ್ಯದಷ್ಟಿತ್ತು. ಅದನ್ನು ಅವನು ಬಳಸಿಕೊಂಡ.

“ಅದೊಂದು ಸ್ಪೆಶಲ್ ಐತಿ,” ಎಂದ.

ಶುಕ್ರವಾರ ಕಟಾವು ಮುಗಿಯಿತು. ಶನಿವಾರ ವಿಶಾಲ ಬಂದು, ಹೊಸ ಪೈಪು ಬರುವವರೆಗೆ ಇರಲೆಂದು ವಿರುಪಾಕ್ಷಪ್ಪನದೇ ತೋಟದ ಹನಿ ನೀರಾವರಿಯ ಸಣ್ಣ ನಳಿಕೆಯ ತುಂಡನ್ನು ಜೋಡಿಸಿಕೊಟ್ಟ. ಹತ್ತು ನಿಮಿಷದ ಕೆಲಸ ಹನ್ನೆರಡು ನಿಮಿಷ ಹಿಡಿಯಿತು; ಹೆಚ್ಚಿನ ಎರಡು ನಿಮಿಷ ವಿರುಪಾಕ್ಷಪ್ಪ ಅವನ ಕೈಯನ್ನು ತೀರ ಹತ್ತಿರದಿಂದ ನೋಡುತ್ತಿದ್ದದ್ದರಿಂದ ಹೋಯಿತು. ಕಡ್ಡಿ ಎಳೆದರೆ ನೀರು ಗಾಜಿಗೇ ಬಿತ್ತು. ಡಬ್ಬಿಯಲ್ಲಿ ಈಗ ಕಾಯಿಸಿ ಆರಿಸಿದ ನೀರು. ಸಕ್ಕುಬಾಯಿ ಧನಪಾಲನ ಬೋಗುಣಿಯನ್ನು ತಿಕ್ಕಿ ತೊಳೆದು, ಒಣದ್ರಾಕ್ಷಿ ತುಂಬಿ, ಬೇಲಿಯ ಮೇಲಿಂದ ಅವನ ಹೆಂಡತಿಗೆ ಕೊಟ್ಟಳು. ಮಂದಿಯ ಭಾಂಡೆ ಖಾಲಿ ತಿರುಗಿಸಬಾರದೆಂಬುದು ಆಕೆಯ ತವರಿನ ನೇಮ.

ಸೋಮವಾರ ಸಂಜೆ ತೋಟ ಅಡ್ಡಾಡಿ ಬಂದು ಕಾರು ಹಿಂದೆ ತೆಗೆದಾಗ, ಗಾಲಿಗಳ ನಡುವೆ ಏನೋ ಮಿಂಚಿತು. ವಿರುಪಾಕ್ಷಪ್ಪ ಇಳಿದು ನೋಡಿದ. ಬೋಗುಣಿ. ಧನಪಾಲನದಕ್ಕಿಂತ ದೊಡ್ಡದು, ಒಂದು ಹನಿಯೂ ಇಲ್ಲದೆ ಒಣಗಿದ್ದು. ಅಂಚಿನ ಚುಕ್ಕಿಗಳ ಮೇಲೆ ಬೆರಳಾಡಿಸಿ ಓದಿದ. ಚಿ. ಜಿನ್ನಪ್ಪ.

ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ. ಸಕ್ಕುಬಾಯಿ ಬೋಗುಣಿ ನೋಡಿದಳು, ಗಂಡನನ್ನು ನೋಡಿದಳು, ಎದ್ದು ಹೋಗಿ ಅದರಲ್ಲಿ ಮೂರು ಬೆರಳು ನೀರು ಹಾಕಿ, ಬಿಳಿ ಧೋತರಕ್ಕೆ ಹಾಕುವ ನೀಲಿಯ ಸೀಸೆಯಿಂದ ಒಂದೇ ಒಂದು ಹನಿ ಬಿಟ್ಟಳು.

“ಖಾಲಿ ಕೊಡಬಾರದ್ರಿ,” ಎಂದಳು. “ಹೋಗಿ ಇದ್ದಲ್ಲೇ ಇಟ್ಟ ಬರ್ರಿ.”

ವಿರುಪಾಕ್ಷಪ್ಪ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ, ಕಾರು ಕೊಂಡ ಮೇಲೆ ಮೊದಲ ಬಾರಿಗೆ ನಾನೂರು ಹೆಜ್ಜೆಯನ್ನು ನಡೆದೇ ಹೋದ.